ಏಣಿಯ ಬುಡದಲ್ಲಿಟ್ಟ ಜೀನು

ಹೊಲದಲ್ಲಿ ನಿಂತಿರುವಷ್ಟು ದಿನ ಜೋಳ ಗಂಡಸಿನದು. ಅವನೇ ಬಿತ್ತುತ್ತಾನೆ, ಅವನೇ ಕಾಗೆ ಓಡಿಸುತ್ತಾನೆ, ಅವನೇ ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತುತ್ತಾನೆ. ಏಣಿಯೇರಿ, ನಮ್ಮ ಮನೆಗಳಿಗೆ ಬಾಗಿಲಾದ ಮಾಳಿಗೆಯ ಬಾಯಿಂದ ಒಳಗೆ ಇಳಿಸಿದನೋ, ಮುಗಿಯಿತು. ಆಮೇಲೆ ಅದು ಮನೆಯ ಹೆಂಗಸಿನದು. ಒಂದು ತೆನೆ ಬೇಕಾದರೂ ಅವಳನ್ನು ಕೇಳಿ ತೆಗೆದುಕೊಳ್ಳಬೇಕು. ಮನೆ ಅವಳದು, ಅರೆಗಲ್ಲು ಅವಳದು, ಏಣಿ ಅವಳದು. ಗಂಡ ಎಂಬುವನು ಬಂದು ಇರುವವನು. ಸರಿಬರಲಿಲ್ಲವೋ, ಅವನ ಕಂಬಳಿ, ಅವನ ಬಿತ್ತನೆ ಕೋಲು ಏಣಿಯ ಬುಡದಲ್ಲಿ ಇಡುತ್ತಾಳೆ. ಅವನು ನೋಡುತ್ತಾನೆ. ಎತ್ತಿಕೊಂಡು ತನ್ನ ತಾಯಿಯ ಮನೆಗೆ ಹೋಗುತ್ತಾನೆ. ಕೂಗಾಟವಿಲ್ಲ, ಪಂಚಾಯಿತಿ ಇಲ್ಲ.

ಇದು ನಮ್ಮೂರಿನ ನಾಯಿಗೂ ಗೊತ್ತಿತ್ತು. ಕಡಲಾಚೆಯಿಂದ ಬಂದ ಕಸ್ತೀಲದವರಿಗೆ ಗೊತ್ತಿರಲಿಲ್ಲ. ನಮ್ಮ ತಲೆಗೆ ನೀರು ಹುಯ್ದು ತಮ್ಮ ಹೆಸರಿಟ್ಟರು. ನಮ್ಮ ಬೆನ್ನಿನ ಮೇಲೆ ತೊಲೆ ಹೊರಿಸಿ ತಮ್ಮ ದೇವರಿಗೆ ಮನೆ ಕಟ್ಟಿಸಿದರು. ಅಷ್ಟು ವರ್ಷ ನಮ್ಮ ರೊಟ್ಟಿ ತಿಂದರು. ಆ ರೊಟ್ಟಿ ಯಾರದು ಎಂದು ಒಂದು ದಿನ ಕೇಳಲಿಲ್ಲ. ಕೇಳುವುದು ಅವರ ಪದ್ಧತಿಯಲ್ಲ.

ಆ ಸಲ ಬಂದವನ ಹೆಸರು ಗಾಸ್ಪರ್ ಒಲ್ಮೆದೊ. ದಂಡಿನ ನಾಯಕ. ಮೂಡಲ ಹೊಳೆಯ ಕಡೆಯಿಂದ ಕುದುರೆ ಏರಿ ಬಂದಿದ್ದ. ಪಡುವಲಲ್ಲಿ ಎಲ್ಲೋ ಒಂದು ನೀಲಿ ಬೆಟ್ಟವಿದೆ, ಅದರ ಹೊಟ್ಟೆ ತುಂಬ ಬೆಳ್ಳಿ ಇದೆ ಎಂದು ಯಾರೋ ಅವನ ಕಿವಿಗೆ ಊದಿದ್ದರು. ಅವನ ಹಿಂದೆ ಬಂದವರಲ್ಲಿ ಅರ್ಧ ಜನಕ್ಕೆ ಕಾಲಿಗೆ ಸರಿಯಾದ ಬೂಟಿರಲಿಲ್ಲ. ಕಣ್ಣು ಮಾತ್ರ ಬೆಳ್ಳಿಯಾಗಿತ್ತು. ಚಳಿ ಮುಗಿಯುವವರೆಗೆ ನಮ್ಮೂರಿನಲ್ಲಿ ಇಳಿದುಕೊಂಡು, ದಾರಿಯ ಬುತ್ತಿ ಮಾಡಿಸಿಕೊಂಡು ಹೊರಡುವುದು ಅಂತ ಅವರ ಲೆಕ್ಕ. ಬಂದ ದಿನವೇ ನಮ್ಮ ಗಂಡಸರ ಬಿಲ್ಲುಬಾಣ ಕಿತ್ತುಕೊಂಡರು. ಗಂಡಸರನ್ನು ಕೋವಿಯ ಮುಂದೆ ಗುಡ್ಡದ ಕೆಳಗಿನ ಒರತೆಗೆ ಇಳಿಸಿದರು. ಕುದುರೆಗಳಿಗೆ ನೀರು ಹೊರುವುದಕ್ಕೆ. ಹೆಂಗಸರನ್ನು ಕಲ್ಲಿನ ಮುಂದೆ ಕೂರಿಸಿದರು.

ನಾನು ಸೀಹು. ನುವಾಸಿ ನನ್ನ ಅಕ್ಕ. ಆಗ ನನಗೆ ಮದುವೆ ಆಗಿರಲಿಲ್ಲ, ಕೂದಲನ್ನು ಕಿವಿಯ ಎರಡೂ ಬದಿಗೆ ಸುರುಳಿ ಕಟ್ಟುತ್ತಿದ್ದೆ. ಅಕ್ಕನಿಗೆ ಆಗಿತ್ತು, ಎರಡು ಜಡೆ, ಸೊಂಟದವರೆಗೆ. ಅವಳ ಗಂಡ ಹೊನಾವ್ ಎದುರುಸಾಲಿನ ಮನೆಯವನು. ಊರಿನ ಅಂಗಳ ದಾಟಿದರೆ ಅವನ ತಾಯಿಯ ಮಾಳಿಗೆ. ಆ ಅತ್ತೆಗೆ ನಮ್ಮಕ್ಕನನ್ನು ಕಂಡರೆ ಅಷ್ಟಕ್ಕಷ್ಟೇ. ಬೆಳಗ್ಗೆ ಎದ್ದು ಮಾಳಿಗೆ ಗುಡಿಸುತ್ತಾ ಕೂಗುವಳು: "ಏನೇ ನುವಾಸಿ, ನನ್ ಮಗ ನಿಮ್ಮನೇಗ್ ಬಂದ್ಮೇಲೆ ಮೂಳೆ ಎಣಿಸಂಗ್ ಆಗವ್ನಲ್ಲ, ಉಣ್ಣಕ್ಕಿಕ್ತೀಯೋ ಬರೀ ನೋಡ್ಕಂಡ್ ಕೂತಿರ್ತೀಯೋ?" ಅಕ್ಕ ಇಲ್ಲಿಂದ ಕೂಗುವಳು: "ನೋಡಕ್ಕೂ ಏನೂ ಉಳಿಸಿ ಕಳಿಸ್ಲಿಲ್ವಲ್ಲ ಅತ್ತೆ ನೀವು!" ಊರೆಲ್ಲ ನಗುತ್ತಿತ್ತು. ಕಸ್ತೀಲದವರು ಬಂದ ಮೇಲೆ ಆ ಕೂಗು ನಿಂತಿತ್ತು.

ನಮ್ಮದು ಕುಲದ ದೊಡ್ಡ ಮನೆ. ಅದಕ್ಕೇ ನಾಯಕ ಅಲ್ಲೇ ಇಳಿದ. ಒಲೆ ಇದ್ದ ಬೆಚ್ಚನೆಯ ಕೋಣೆ ಅವನದಾಯಿತು. ನಮ್ಮವ್ವ ಕೂರುತ್ತಿದ್ದ ಕುರಿತುಪ್ಪಟದ ಹಾಸಿನ ಮೇಲೆ ಅವನು ಕೂತ. ಅವ್ವ, ಅಕ್ಕ, ಭಾವ, ನಾನು ಅರೆಯುವ ಕೋಣೆಯಲ್ಲಿ ಕಾಲು ಮಡಚಿಕೊಂಡು ಮಲಗಿದೆವು.

ಅವರಿಗೆ ಬೇಕಾದದ್ದು ಹುರಿಹಿಟ್ಟು. ಬಿಸಿ ಮರಳಲ್ಲಿ ಜೋಳ ಹುರಿದು, ಅರೆದು, ಮತ್ತೆ ಹುರಿದು, ಮತ್ತೆ ಅರೆದ ಹಿಟ್ಟು. ಚೀಲಕ್ಕೆ ತುಂಬಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಒಂದು ಹಿಡಿ ನೀರಲ್ಲಿ ಕಲಸಿ ಕುಡಿದರೆ ಗಂಡಸೊಬ್ಬ ಒಂದು ಹಗಲು ನಡೆಯುತ್ತಾನೆ. ನೀಲಿ ಬೆಟ್ಟದ ಹಾದಿಯಲ್ಲಿ ಬೇರೆ ಊಟವಿಲ್ಲ. ಅವರ ಬೆಳ್ಳಿಯ ಹಾದಿ ನಮ್ಮ ಮೊಣಕಾಲಿನ ಮೇಲೆ ಹೋಗುತ್ತಿತ್ತು.

ಮೂರು ಅರೆಗಲ್ಲನ್ನು ನೆಲದಲ್ಲಿ ಸಾಲಾಗಿ ಹುಗಿದಿರುತ್ತೇವೆ. ಒರಟು ಕಲ್ಲಲ್ಲಿ ಅವ್ವ, ನಡುವಿನದರಲ್ಲಿ ನಾನು, ನುಣ್ಣನೆಯ ಕಲ್ಲಲ್ಲಿ ಅಕ್ಕ. ಮೊಣಕಾಲೂರಿ, ಕಾಲ್ಬೆರಳು ಹಿಂದಿನ ಗೋಡೆಗೆ ಒತ್ತಿ, ಎರಡೂ ಕೈಯಲ್ಲಿ ಗುಂಡು ಹಿಡಿದು ತಳ್ಳಬೇಕು, ಎಳೆಯಬೇಕು. ಅರೆಯುವುದು ಹೊಸದೇನಲ್ಲ. ಹುಟ್ಟಿದಾಗಿಂದ ಅರೆದವರೇ. ಆದರೆ ನಮ್ಮಲ್ಲಿ ಅರೆಯುವಾಗ ಗಂಡಸರು ಮಾಳಿಗೆಯ ಬಾಯಲ್ಲಿ ಕೂತು ಹಾಡುತ್ತಾರೆ. ಹಾಡಿನ ಏರಿಗೆ ಕೈ ಹೋಗುತ್ತದೆ, ಇಳಿತಕ್ಕೆ ಕೈ ಬರುತ್ತದೆ. ಮೈಗೆ ಭಾರ ಗೊತ್ತಾಗುವುದಿಲ್ಲ. ಆ ಹಾಡು ಸೈತಾನನದು ಅಂತ ಅವರ ಪಾದ್ರಿ ಹೇಳಿದ್ದನಂತೆ. ನಾಯಕ ನಿಲ್ಲಿಸಿದ. ಹಾಡಿಲ್ಲದ ಅರೆತ ಎಂದರೆ ಬರೀ ಕಲ್ಲು, ಬರೀ ಮೂಳೆ. ಮೊದಲು ಅಂಗೈ ಗುಳ್ಳೆಯೆದ್ದಿತು. ಗುಳ್ಳೆ ಒಡೆಯಿತು. ಮೊಣಕಾಲಿನ ಚರ್ಮ ಹೋಯಿತು. ನನ್ನ ರಕ್ತ ಹಿಟ್ಟಿಗೆ ಬಿದ್ದಾಗ ಹೆದರಿ ಅವ್ವನ ಮುಖ ನೋಡಿದೆ.

"ಕಲಸ್ಬುಡು," ಅಂದಳು ಅವ್ವ. "ಉಪ್ಪಿಲ್ಲ ಉಪ್ಪಿಲ್ಲ ಅಂತ ಬಡ್ಕತಾವ್ರಲ್ಲ."

ಹಿಟ್ಟು ಒಯ್ಯಲು ಬರುತ್ತಿದ್ದವನು ಪಾಸ್ಕುವಾಲ್. ಹೊಳೆಯ ಕಡೆಯ ಊರಿನವನು, ನಮ್ಮಂಥವನೇ. ಸಣ್ಣವನಿದ್ದಾಗ ಕಸ್ತೀಲದವರು ಎತ್ತಿಕೊಂಡು ಹೋಗಿ ಸಾಕಿದ್ದರು. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ಹೇಳುವ ದುಭಾಷಿ. ಅವ್ವ ಅವನನ್ನು ಎರಡು ನಾಲಿಗೆಯೋನೆ ಎಂದೇ ಕರೆಯುತ್ತಿದ್ದಳು.

"ಏ ಎರಡು ನಾಲಿಗೆಯೋನೆ, ಇವತ್ತು ಯಾವ ನಾಲಿಗೇಲಿ ಉಂಡೆ?"

"ಎರಡರಲ್ಲೂ ಉಣ್ಣನಿಲ್ಲ ದೊಡ್ಡವ್ವ. ಅವರ ಕುದುರೆ ಉಣ್ತಾವೆ. ನಾನ್ ನೋಡ್ತೀನಿ."

ನಿಜವೇ ಹೇಳಿದ್ದ. ಕುದುರೆಗಳು ನಮ್ಮ ಜೋಳ ತಿನ್ನುತ್ತಿದ್ದವು. ನಾವು ಒಣಗಿದ ಸೊಪ್ಪು ನೀರಲ್ಲಿ ಕುದಿಸಿ ಕುಡಿಯುತ್ತಿದ್ದೆವು. ಎದೆಯೆತ್ತರಕ್ಕೆ ಒಟ್ಟಿದ್ದ ತೆನೆಯ ರಾಶಿ ಸೊಂಟಕ್ಕೆ ಇಳಿಯಿತು. ಸೊಂಟದಿಂದ ಕಣಕಾಲಿಗೆ. ಒಂದು ಬೆಳಗ್ಗೆ ಅಕ್ಕ ಬುಟ್ಟಿ ತೆಗೆದುಕೊಂಡು ಉಗ್ರಾಣಕ್ಕೆ ಹೋದಳು. ಖಾಲಿ ಬುಟ್ಟಿಯೊಂದಿಗೆ ತಿರುಗಿ ಬಂದಳು. ಎದುರು ಮನೆಯಲ್ಲೂ ಅಷ್ಟೇ, ಪಕ್ಕದ ಮನೆಯಲ್ಲೂ ಅಷ್ಟೇ.

ಉಳಿದದ್ದು ಹಿಂದಿನ ಕೋಣೆ. ಅಲ್ಲಿ ಬೆಳಕಿಲ್ಲ. ಗೋಡೆಯ ಗೂಟಗಳಿಗೆ ಸಿಪ್ಪೆ ಹೆಣೆದು ತೂಗುಹಾಕಿದ ನೀಲಿ ಜೋಳದ ತೆನೆಗಳು. ಕುಲದ ಬೀಜ. ನಮ್ಮವ್ವನಿಗೆ ಅವಳವ್ವ ಕೊಟ್ಟದ್ದು, ಅವಳಿಗೆ ಅವಳವ್ವ. ಮೊಣಕೈ ಆಳದಲ್ಲಿ ಬಿತ್ತಿದರೂ ಮರಳು ಸೀಳಿಕೊಂಡು ಮೇಲೆ ಬರುವ ಜೋಳ ಅದೊಂದೇ. ಎಂಥ ಹಸಿವು ಬಂದರೂ ಅದನ್ನು ಕಲ್ಲಿಗೆ ಹಾಕಿದವರಿಲ್ಲ. ಅದಿದ್ದರೆ ಕುಲ ಈ ಗುಡ್ಡದ ಮೇಲೆ ಇರುತ್ತದೆ. ಇಲ್ಲದಿದ್ದರೆ ಬೇರೆಯವರ ಬಾಗಿಲಲ್ಲಿ ಕೈಯೊಡ್ಡಿಕೊಂಡು ಚದುರಿಹೋಗುತ್ತದೆ.

ಆ ಬೆಳಗ್ಗೆ ನಾಯಕ ತಾನೇ ಅರೆಯುವ ಕೋಣೆಗೆ ಬಂದ. ಜೊತೆಗೆ ಪಾಸ್ಕುವಾಲ್. ನಾಯಕ ನಿಂತು ನಮ್ಮನ್ನು ನೋಡಿದ. ಆಮೇಲೆ ಕೆಸರಿನ ಬೂಟು ಎತ್ತಿ ಅಕ್ಕನ ಕಲ್ಲಿನ ಮೇಲೆ ಇಟ್ಟ. ಹಿಟ್ಟು ಬೀಳುವ ಕಲ್ಲು ಅದು. ಮದುವೆಯಾಗಿ ಮನೆಗೆ ಮರಳಿದ ದಿನ ಅವಳು ಮೊದಲು ಮುಟ್ಟಿದ ಕಲ್ಲು. ಮೊಣಕಾಲಿನ ಮೇಲೆ ಕೈಯಿಟ್ಟು ಏನೋ ಹೇಳಿದ.

"ಕಲ್ಲು ಯಾಕೆ ನಿಂತವೆ ಅಂತಾರೆ," ಅಂದ ಪಾಸ್ಕುವಾಲ್.

"ಜೋಳ ಇಲ್ಲ," ಅಂದಳು ಅಕ್ಕ. ಅವಳ ಕಣ್ಣು ಬೂಟಿನ ಮೇಲಿತ್ತು.

"ಹಿಂದಿನ ಕೋಣೇಲಿ ಅದೆಯಲ್ಲ ಅಂತಾರೆ."

"ಅದು ಬೀಜ."

ಪಾಸ್ಕುವಾಲ್ ಹೇಳಿದ. ನಾಯಕ ನಕ್ಕ. ಒಳ್ಳೆಯವನ ನಗು. ಮಕ್ಕಳಿಗೆ ಹೇಳುವ ಹಾಗೆ ನಿಧಾನಕ್ಕೆ ಹೇಳಿದ.

"ಬೀಜವಾದರೂ ಜೋಳವೇ ತಾನೆ ಅಂತಾರೆ. ನೀಲಿ ಬೆಟ್ಟದಿಂದ ತಿರುಗಿ ಬರುವಾಗ ಅದಕ್ಕೆ ಸಮಕ್ಕೆ ಸಮ ಬೆಳ್ಳಿ ಕೊಡ್ತಾರಂತೆ."

"ಕೇಳು ಅವನ್ನ," ಅಂದಳು ಅವ್ವ, "ಬೆಳ್ಳಿ ಬಿತ್ತುದ್ರೆ ಎಷ್ಟು ದಿನಕ್ಕೆ ಮೊಳಿತದೆ?"

ಪಾಸ್ಕುವಾಲ್‌ನ ತುಟಿ ಅಲುಗಿತು. ಅದನ್ನು ಅವನು ಅತ್ತ ಹೇಳಲಿಲ್ಲ. ನಮ್ಮ ಮಾತಿನಲ್ಲೇ ತಗ್ಗಿಸಿ ಹೇಳಿದ: "ದೊಡ್ಡವ್ವ, ಸುಮ್ನಿರು. ಇವನ ನಗು ನಂಬಬ್ಯಾಡ. ನಕ್ಕ ದಿನವೇ ಇವನು ಹೊಡೆಯೋದು."

"ನೀನು ಹಿಂಗೇ ಹೇಳು," ಅಂದಳು ಅಕ್ಕ. "ಅರೆಯಾಕಿಲ್ಲ. ಇದು ಕೊಡೋ ಜೋಳ ಅಲ್ಲ."

ನಾಯಕನಿಗೆ ದುಭಾಷಿ ಬೇಕಾಗಲಿಲ್ಲ. ಬೂಟು ಕೆಳಗಿಟ್ಟ. ಕಲ್ಲಿನ ಮೇಲೆ ಕೆಸರು ಉಳಿಯಿತು. ಏಣಿ ಹತ್ತುತ್ತಾ ಒಂದು ಪ್ರಶ್ನೆ ಕೇಳಿದ. ಪಾಸ್ಕುವಾಲ್ ತಿರುಗಿ ನಮ್ಮನ್ನು ನೋಡಿದ.

"ಈ ಮನೆ ಯಜಮಾನ ಎಲ್ಲಿ ಅಂತ ಕೇಳ್ತಾವ್ರೆ."

"ಯಜಮಾನಿ ಇಲ್ಲೇ ಕೂತವ್ಳೆ ಅಂತ ಹೇಳು," ಅಂದಳು ಅಕ್ಕ.

"ಹೇಳಿದ್ರೂ ತಿಳಿಯಾಕಿಲ್ಲ ಕಣಕ್ಕಾ."

ಭಾವನನ್ನು ಒರತೆಯಿಂದ ಹಿಡಿದು ತಂದರು. ಊರ ಅಂಗಳದ ನಡುವೆ ಅವರೇ ನೆಟ್ಟ ಕಂಬವಿತ್ತು. ಅಂಗಿ ಹರಿದು, ಕಂಬವನ್ನು ತಬ್ಬಿಸಿ ಕಟ್ಟಿದರು. ಕೆಂಪುಗಡ್ಡದ ಸಿಪಾಯಿ ಚಾವಟಿ ನೀರಲ್ಲಿ ಅದ್ದಿದ. ಒಣ ಚಾವಟಿ ಬರೆ ಹಾಕುತ್ತದೆ, ಒದ್ದೆ ಚಾವಟಿ ಕುಯ್ಯುತ್ತದೆ. ನಮ್ಮನ್ನು ಮಾಳಿಗೆಯ ಮೇಲೆ ನಿಲ್ಲಿಸಿದರು, ನೋಡಲಿ ಅಂತ. ಎದುರು ಮಾಳಿಗೆಯಲ್ಲಿ ಅತ್ತೆ ನಿಂತಿದ್ದಳು. ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

ಭಾವ ಮೊದಮೊದಲು ಸುಮ್ಮನಿದ್ದ. ಆಮೇಲೆ ನರಳಿದ. ಆಮೇಲೆ ಕೂಗಿದ. ಅವನು ವೀರನಾಗಿರಲಿಲ್ಲ. ಒಳ್ಳೆಯ ಕಂಬಳಿ ನೇಯುತ್ತಿದ್ದ, ಸಣ್ಣ ದನಿಯಲ್ಲಿ ಚೆನ್ನಾಗಿ ಹಾಡುತ್ತಿದ್ದ, ಮೊಲ ಹೊಡೆಯಲು ಹೋದರೆ ಬರಿಗೈಯಲ್ಲಿ ಬರುತ್ತಿದ್ದ. ಬೆನ್ನಿನ ಚರ್ಮ ಎದ್ದು ಜೋತಾಗ ಅವನ ಬಾಯಿ ಮಾತಾಡಲಿಲ್ಲ, ಮೈ ಮಾತಾಡಿತು.

"ತಗಳಿ," ಅಂದ. "ತಗಂಡೋಗಿ. ಕೊಟ್ಟೆ."

ಚಾವಟಿ ನಿಂತಿತು. ನಾಯಕ ಕೈಗವಸು ಸರಿಮಾಡಿಕೊಂಡ.

ಅಕ್ಕ ಅಳಲಿಲ್ಲ. ನಮ್ಮನ್ನು ಕರೆದುಕೊಂಡು ಒಳಗೆ ಇಳಿದಳು. ಕಲ್ಲಿನ ಮುಂದೆ ಕೂತಳು. ಅದರ ಮೇಲಿನ ಕೆಸರನ್ನು ಉಗುರಿನಿಂದ ಕೆರೆದು ಕೆರೆದು ತೆಗೆದಳು. ಊರಿನ ಬೇರೆ ಮನೆಗಳಲ್ಲಿ ಅಳಿದುಳಿದ ಕಾಳು ಅರೆಯುವ ಸದ್ದು ಇನ್ನೂ ಇತ್ತು. ಹೊರಗೆ ಏಣಿಯ ಬುಡದಲ್ಲಿ ಪಾಸ್ಕುವಾಲ್ ಕೂಗಿದ:

"ನುವಾಸಕ್ಕಾ! ನಿನ್ ಗಂಡ ಕೊಟ್ಟವ್ನೆ. ಎಲ್ಲರೂ ಕೇಳವ್ರೆ. ತೆನೆ ಕೆಳಕ್ಕಿಳಿಸಬೇಕಂತೆ. ಇಲ್ಲ ಅಂದ್ರೆ ನಾವೇ ಹತ್ತಿ ಬರ್ತೀವಿ ಅಂತಾರೆ."

ಅವ್ವ ನಿಟ್ಟುಸಿರು ಬಿಟ್ಟಳು. "ಕೊಟ್ಟವ್ನಂತೆ. ಅವನದೇನಿತ್ತು ಕೊಡಕ್ಕೆ?"

ಅಕ್ಕ ತಲೆ ಎತ್ತಿದಳು. ಅವ್ವನನ್ನು ನೋಡಿದಳು. ಆಮೇಲೆ ಎದ್ದಳು. ಮೂಲೆಯಿಂದ ಭಾವನ ಕಂಬಳಿ ತೆಗೆದು ಹಾಸಿದಳು. ಅದರ ಮೇಲೆ ಅವನ ಬಿತ್ತನೆ ಕೋಲು ಇಟ್ಟಳು. ನೇಯುವ ಬಾಚಣಿಗೆ. ಮೊಲಕ್ಕೆ ಎಸೆಯುವ ಬಾಗುಕೋಲು. ಮೆಟ್ಟು. ಎಲ್ಲ ಒಂದೊಂದಾಗಿ, ಒರೆಸಿ ಇಟ್ಟಳು. ನಾನು ಅವಳ ಕೈ ಹಿಡಿದೆ.

"ಅಕ್ಕಾ, ಬ್ಯಾಡ ಕಣೆ. ಅವನು ಅಲ್ಲಿ ರಕ್ತ ಸುರಿಸ್ಕಂಡ್ ನಿಂತವ್ನೆ."

"ಕಾಣ್ತಾ ಅದೆ ಸೀಹು, ನಂಗೂ."

ಗಂಟು ಕಟ್ಟಿ ಹೆಗಲಿಗೆ ಹಾಕಿಕೊಂಡು ಮಾಳಿಗೆ ಹತ್ತಿದಳು. ನಾನೂ ಹಿಂದೆ ಹತ್ತಿದೆ. ಹೊರಗಿನ ಏಣಿಯಲ್ಲಿ ಇಳಿದು, ಸಿಪಾಯಿಗಳ ಮಧ್ಯೆ ನಿಂತು, ಗಂಟನ್ನು ಏಣಿಯ ಬುಡದಲ್ಲಿ ಇಟ್ಟಳು. ಎಸೆಯಲಿಲ್ಲ. ಇಟ್ಟಳು. ಮೇಲೆ ಬಂದಳು.

ಕಂಬಕ್ಕೆ ಕಟ್ಟಿದ್ದ ಭಾವ ಕತ್ತು ಹೊರಳಿಸಿ ಆ ಗಂಟನ್ನು ನೋಡಿದ. ಎದುರು ಮಾಳಿಗೆಯಿಂದ ಅತ್ತೆಯ ಕೂಗು ಬಂತು.

"ಏ ನಿನ್ ಮನೆ ಹಾಳಾಗ! ಸಾಯೋ ಹೊತ್ನಾಗ್ ಬುಡ್ತೀಯೇನೇ ನನ್ ಮಗನ್ನ?"

ಅಕ್ಕ ಅತ್ತೆಯ ಕಡೆ ತಿರುಗಿದಳು. ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದಳು.

"ಬುಟ್ಟೆ ಅತ್ತೆ. ಅವನು ಈ ಮನೆಯೋನಲ್ಲ. ಈ ಮನೇಲಿ ಅವನ ಮಾತು ನಡೆಯಾಕಿಲ್ಲ. ಅವನು ಕೊಟ್ಟಿದ್ದು ಕೊಟ್ಟಂಗಲ್ಲ."

ಅತ್ತೆಯ ಬಾಯಿ ತೆರೆದೇ ಇತ್ತು. ಮುಚ್ಚಿತು. ಅವಳಿಗೆ ತಿಳಿಯಿತು. ಭಾವನಿಗೂ ತಿಳಿಯಿತು, ಹಣೆಯನ್ನು ಕಂಬಕ್ಕೆ ಒತ್ತಿಕೊಂಡ, ಅವನ ಭುಜ ಕುಲುಕಿತು. ಅಳುವೋ ನಗುವೋ ನಾನು ಹೇಳಲಾರೆ. ಅತ್ತೆ ಮಾಳಿಗೆಯ ಅಂಚಿಗೆ ಬಂದು ದುಭಾಷಿಯ ಮೇಲೆ ಹರಿಹಾಯ್ದಳು.

"ಕೇಳ್ತೇನೋ ಎರಡು ನಾಲಿಗೆಯೋನೆ? ಅವನು ನನ್ ಮಗ, ನನ್ ಮನೆಯೋನು! ಅವನು ಕೊಟ್ಟ ಜೋಳ ಬೇಕಾದ್ರೆ ನನ್ ಮನೇಗ್ ಬಾ ಅನ್ನು ನಿನ್ ದಣೀನ. ಖಾಲಿ ಬುಟ್ಟಿ ಅದೆ, ಕೊಡ್ತೀನಿ!"

ಎಲ್ಲೋ ಒಂದು ಮಾಳಿಗೆಯಿಂದ ಕಿಸಕ್ಕೆಂದು ನಗು ಬಂತು. ನಾಯಕ ಪಾಸ್ಕುವಾಲ್‌ನ ತೋಳು ಹಿಡಿದು ಅಲುಗಿಸಿದ. ಏನು? ಏನಂತೆ? ಅಷ್ಟರಲ್ಲಿ ಅಕ್ಕ ಮತ್ತೆ ಒಳಗೆ ಹೋಗಿದ್ದಳು. ಈ ಸಲ ಒಲೆಯ ಕೋಣೆಯಿಂದ ಹೊರಟಳು. ತಲೆಯ ಮೇಲೆ ನಾಯಕನ ಜೀನು. ಕೈಯಲ್ಲಿ ಕಬ್ಬಿಣದ ಟೋಪಿ, ಅದರೊಳಗೆ ಅವನ ಕಾಲುಚೀಲ. ಇಳಿದು, ಭಾವನ ಗಂಟಿನ ಪಕ್ಕ ಅವನ್ನೂ ಇಟ್ಟಳು. ಟೋಪಿ ಉರುಳಿತು. ಅದನ್ನು ಎತ್ತಿ ನೆಟ್ಟಗೆ ಇಟ್ಟಳು. ಮೇಲೆ ಬಂದು, ಬಗ್ಗಿ, ಏಣಿಯನ್ನು ಎಳೆದಳು. ನಾನೂ ಕೈ ಹಾಕಿದೆ. ಏಣಿ ಮಾಳಿಗೆಗೆ ಬಂತು.

ನಾಯಕ ಕೆಂಪಗಾಗಿ ಕೇಳಿದ. ಪಾಸ್ಕುವಾಲ್ ನೆಲ ನೋಡಿದ. ಆಮೇಲೆ ಅವನಿಗೇನಾಯಿತೋ, ಮೊದಲು ನಮ್ಮ ಮಾತಿನಲ್ಲಿ ಗಟ್ಟಿಯಾಗಿ ಹೇಳಿದ, ಎಲ್ಲರಿಗೂ ಕೇಳಲಿ ಅಂತ: "ಒಡೆಯಾ, ನಿಮ್ಮನ್ನೂ ಬುಟ್ಟವ್ಳೆ!" ಆಮೇಲೆ ಅವರ ಮಾತಿನಲ್ಲಿ.

ಊರು ನಕ್ಕಿತು. ಮುದುಕಿಯರು ಕೆಮ್ಮಿ ಕೆಮ್ಮಿ ನಕ್ಕರು. ಒಂದು ಮಾಳಿಗೆಯಿಂದ ಕೂಗು: "ತಾಯಿ ಮನೆ ದೂರ ಅಲ್ವೇನ್ರೀ, ಬುತ್ತಿ ಇಲ್ದೆ ಹೆಂಗ್ ಹೋಯ್ತೀರಾ?" ನಗುವಿನ ನಡುವೆ ಅರೆಯುವ ಕಲ್ಲುಗಳ ಸದ್ದು ನಿಂತಿತು. ಒಂದು ಮನೆಯಲ್ಲಿ, ಇನ್ನೊಂದರಲ್ಲಿ. ಕೊನೆಯ ಕಲ್ಲೂ ನಿಂತಾಗ ನಗುವೂ ನಿಂತಿತು. ಒಂದು ಏಣಿ ಮೇಲೆ ಹೋಯಿತು. ಪಕ್ಕದ್ದು ಹೋಯಿತು. ಸಿಪಾಯಿಗಳ ಜೀನು, ಗೋಣಿ, ಬೂಟು ಒಂದೊಂದು ಮಾಳಿಗೆಯಿಂದ ಅಂಗಳಕ್ಕೆ ಬಿದ್ದವು. ನೋಡನೋಡುತ್ತ ನಮ್ಮೂರು ಬಾಗಿಲಿಲ್ಲದ ಬರೀ ಗೋಡೆಯಾಯಿತು.

ನಾಯಕ ಕೋವಿ ಎತ್ತಲಿಲ್ಲ. ಕೈ ತೋರಿಸಿದ, ಅಷ್ಟೇ. ಒಬ್ಬನ ಹೆಗಲ ಮೇಲೆ ಒಬ್ಬ ಹತ್ತಿ ಕೆಂಪುಗಡ್ಡದವನು ನಮ್ಮ ಮಾಳಿಗೆಯ ಅಂಚು ಹಿಡಿದ. ನಾನು ಅವನ ಬೆರಳು ತುಳಿದೆ. ಅವನು ನನ್ನ ಕಣಕಾಲು ಹಿಡಿದ. ಅಕ್ಕ ನನ್ನನ್ನು ಹಿಂದಕ್ಕೆ ಎಳೆದಳು, ಕಿವಿಯಲ್ಲಿ ಹೇಳಿದಳು: "ಅವ್ವನ ತಾವ ಹೋಗು. ಕೆಂಡದ ಕಂಡಿ." ಆಮೇಲೆ ತಾನೇ ಅಂಚಿಗೆ ಹೋಗಿ ನಿಂತಳು, ಕೈಕಟ್ಟಿ. ಹಿಡಿದುಕೊಳ್ಳಿ ಅನ್ನುವ ಹಾಗೆ. ಅವಳ ಜಡೆ ಹಿಡಿದೇ ಕೆಳಗೆ ಎಳೆದರು.

ನಾನು ಹಿಂದಿನ ಕೋಣೆಗೆ ಓಡಿದೆ. ನಮ್ಮಲ್ಲಿ ಮನೆಮನೆಯ ನಡುಗೋಡೆಗೂ ಒಂದು ಕಂಡಿ ಇರುತ್ತದೆ, ಒಲೆ ಆರಿದರೆ ಪಕ್ಕದವರಿಂದ ಕೆಂಡ ಪಡೆಯಲು. ಕಲ್ಲು ಮುಚ್ಚಿರುತ್ತದೆ. ಅವ್ವ ಆಗಲೇ ಕಲ್ಲು ತೆಗೆದಿದ್ದಳು. ಕತ್ತಲಲ್ಲಿ ಗೂಟದಿಂದ ತೆನೆ ಬಿಚ್ಚುತ್ತಿದ್ದಳು. ಕಂಡಿಯ ಆಚೆ ಒಂದು ಕೈ ಚಾಚಿಕೊಂಡಿತ್ತು. ಯಾರ ಕೈ ಎಂದು ಇವತ್ತಿಗೂ ಕೇಳಿಲ್ಲ. ನಾನು ತೆನೆ ಇಡುತ್ತಿದ್ದೆ, ಕೈ ಮುಚ್ಚುತ್ತಿತ್ತು, ಹೋಗುತ್ತಿತ್ತು, ಖಾಲಿಯಾಗಿ ಬರುತ್ತಿತ್ತು. ಆಚೆ ಮನೆಯಿಂದ ಅದರಾಚೆಗೆ. ಹೀಗೆ ಇಡೀ ಸಾಲಿನುದ್ದಕ್ಕೆ ಬೀಜ ನಡೆದುಕೊಂಡು ಹೋಯಿತು.

ಹೊರಗೆ ಏನಾಗುತ್ತಿದೆ ಎಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಕಿವಿಗೆ ಕೇಳುತ್ತಿತ್ತು. ಮೊದಲು ನಾಯಕನ ದನಿ. ಆಮೇಲೆ ಒಂದು ಸದ್ದು. ಕರಕ್. ನಿಂತು, ಮತ್ತೆ, ಕರಕ್. ಕುರಿಯ ಉಣ್ಣೆ ಕತ್ತರಿಸುವ ಕತ್ತರಿ. ಅದನ್ನೂ ಅವರೇ ನಮ್ಮೂರಿಗೆ ತಂದದ್ದು. ನನ್ನ ಕೈ ನಿಂತಿತು.

"ನಿಲ್ಲಿಸಬ್ಯಾಡ," ಅಂದಳು ಅವ್ವ. "ಅವಳು ಅಲ್ಲಿ ನಮ್ಗೆ ಹೊತ್ತು ಸಿಗಂಗೆ ಮಾಡ್ತಾವ್ಳೆ. ನೀನು ಕಳಿಸು."

ಕತ್ತರಿ ನಿಂತಿತು. ಚಾವಟಿ ಶುರುವಾಯಿತು. ಅಕ್ಕ ಕೂಗಿದಳು. ನಾನು ಸುಳ್ಳು ಹೇಳುವುದಿಲ್ಲ, ಊರೆಲ್ಲ ಕೇಳುವ ಹಾಗೆ ಕೂಗಿದಳು. ಆದರೆ ಆ ಕೂಗಿನಲ್ಲಿ ಭಾವನ ಬಾಯಿಂದ ಬಂದ ಮಾತು ಇರಲಿಲ್ಲ. ಅದಕ್ಕಾಗಿ ಅವರು ಕಾದರು. ಬರಲಿಲ್ಲ.

ಕೊನೆಗೆ ಅವರೇ ಮಾಳಿಗೆಯ ಬಾಯಿಂದ ಧುಮುಕಿದರು. ಅವ್ವ ಅಷ್ಟರಲ್ಲಿ ಕಂಡಿಗೆ ಕಲ್ಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಕೆಂಪುಗಡ್ಡದವನು ಪಂಜು ಹಿಡಿದ. ಬರೀ ಗೂಟಗಳು. ಸಾಲು ಸಾಲು. ನೆಲದ ಮೇಲೆ ಒಂದಿಷ್ಟು ಸಿಪ್ಪೆ. ನಾಯಕ ಗೂಟವೊಂದನ್ನು ಮುಟ್ಟಿ ನೋಡಿದ, ತೆನೆ ಅದರೊಳಗೆ ಅಡಗಿದೆಯೇನೋ ಅನ್ನುವ ಹಾಗೆ. ಅವ್ವನನ್ನು ಒದ್ದ. ಅವ್ವ ಕಂಡಿ ಬಿಟ್ಟು ಅಲುಗಲಿಲ್ಲ.

ಊರೆಲ್ಲ ಹುಡುಕಿದರು. ಒಂದೊಂದು ಮಾಳಿಗೆಗೂ ಹೆಗಲ ಮೇಲೆ ಹೆಗಲಿಟ್ಟು ಹತ್ತಬೇಕು. ಪ್ರತಿ ಮನೆಯಲ್ಲೂ ಹೆಂಗಸರು ಕಲ್ಲಿನ ಮುಂದೆ ಮಡಿಲಲ್ಲಿ ಕೈಯಿಟ್ಟು ಕೂತಿದ್ದರು. ಉಗ್ರಾಣ ಕೆದಕಿದರು, ಮಡಕೆ ಒಡೆದರು. ತೊಟ್ಟಿಲ ಹಲಗೆಗಳಲ್ಲಿ ಕೂಸುಗಳು ಅಳುತ್ತಿದ್ದವು. ನಮ್ಮಲ್ಲಿ ಹುಟ್ಟಿದ ಕೂಸಿನ ಪಕ್ಕ ಒಂದು ತೆನೆ ಮಲಗಿಸುತ್ತೇವೆ, ಅದೂ ಒಬ್ಬ ತಾಯಿ ಅಂತ. ಕೂಸು ಸುತ್ತಿದ ಬಟ್ಟೆಯಿಂದ ತೆನೆಯ ತುದಿ ಇಣುಕುವುದನ್ನು ಸಿಪಾಯಿಗಳು ನೂರು ಸಲ ನೋಡಿದ್ದರು. ಅವತ್ತು ಕೂಸುಗಳು ಸ್ವಲ್ಪ ದಪ್ಪಗಿದ್ದವು. ಹಸಿದ ಊರಿನ ಕೂಸು ದಪ್ಪಗಾಗುವುದುಂಟೇ ಅಂತ ಯೋಚಿಸಲು ಅವರು ಎಂದಾದರೂ ಕೂಸನ್ನು ಎತ್ತಿಕೊಂಡಿರಬೇಕಿತ್ತು.

ಅವನು ಸುಡುತ್ತೇನೆ ಎಂದ. ಕಲ್ಲಿನ ಮನೆಗಳು. ಕೊಲ್ಲುತ್ತೇನೆ ಎಂದ. ಅವನ ಸಿಪಾಯಿಗಳು ಅವನನ್ನು ನೋಡಲಿಲ್ಲ, ಖಾಲಿ ಹುಲ್ಲಿನ ಗೋದಲಿ ನೋಡಿದರು. ನಕ್ಕ ಊರಿನಲ್ಲಿ ಇನ್ನೊಂದು ದಿನ ನಿಲ್ಲಲು ಅವರಿಗೆ ಮುಖವಿರಲಿಲ್ಲ, ಕುದುರೆಗೆ ಮೇವಿರಲಿಲ್ಲ. ಅರ್ಧ ಚೀಲ ತುಂಬಿದ ಹುರಿಹಿಟ್ಟು ಕಟ್ಟಿಕೊಂಡು ಪಡುವಲಿಗೆ ಇಳಿದರು. ನಾಯಕ ತನ್ನ ಜೀನನ್ನು ನಮ್ಮ ಗೋಡೆಯ ಬುಡದಿಂದ ತಾನೇ ಎತ್ತಿಕೊಳ್ಳಬೇಕಾಯಿತು. ಬೇರೆ ಯಾರೂ ಮುಟ್ಟಲಿಲ್ಲ. ಪಾಸ್ಕುವಾಲ್ ಹೋಗುವಾಗ ಮೇಲೆ ನೋಡಿ, "ದೊಡ್ಡವ್ವ, ಇವತ್ತು ಒಂದೇ ನಾಲಿಗೇಲಿ ಮಾತಾಡ್ದೆ ಕಣವ್ವ," ಅಂದ. ಅವ್ವ ಪಕ್ಕೆ ಹಿಡಿದುಕೊಂಡು ಕೂತಿದ್ದಳು. "ಉಳಿಸ್ಕೋ ಅದನ್ನ," ಅಂದಳು.

ಕಂಬದಿಂದ ಇಬ್ಬರನ್ನೂ ಬಿಚ್ಚಿದವಳು ಅತ್ತೆ. ಅಕ್ಕನನ್ನು ನಾವು ಎತ್ತಿಕೊಂಡು ಬಂದೆವು. ಅವಳ ತಲೆಯಲ್ಲಿ ಅಲ್ಲಲ್ಲಿ ರಕ್ತ, ಅಲ್ಲಲ್ಲಿ ಬೆರಳಿನಷ್ಟು ಕೂದಲು, ಕೆಟ್ಟದಾಗಿ ಉಣ್ಣೆ ಕತ್ತರಿಸಿದ ಕುರಿಯ ಹಾಗೆ. ಭಾವ ಗೋಡೆ ಹಿಡಿದು ಹಿಡಿದು ನಮ್ಮ ಏಣಿಯ ಬುಡಕ್ಕೆ ಬಂದ. ಏಣಿ ಇಳಿದಿತ್ತು. ಅವನು ಹತ್ತಲಿಲ್ಲ. ಇಟ್ಟದ್ದು ಇಟ್ಟದ್ದೇ. ಬಗ್ಗಲಾರದೆ ಬಗ್ಗಿ ತನ್ನ ಗಂಟು ಎತ್ತಿಕೊಂಡ. ಅಂಗಳ ದಾಟಿ ತಾಯಿಯ ಮನೆಗೆ ಹೋದ.

ಬಿತ್ತನೆಯ ಹೊತ್ತು ಬಂತು. ಕೆಂಡದ ಕಂಡಿಯಿಂದ ಬೀಜ ತಿರುಗಿ ಬಂತು. ನಾನು ಎಣಿಸಲು ಕೂತೆ. "ಎಣಿಸಬ್ಯಾಡ," ಅಂದಳು ಅವ್ವ. "ಮಡಗಿಕೊಂಡೋರು ನಮ್ಗಿಂತ ಹಸಿದಿದ್ರು."

ಪಡುವಲಿಂದ ಒಂದು ಕುದುರೆ ಒಂಟಿಯಾಗಿ ಗುಡ್ಡದ ಕೆಳಗೆ ಬಂದು ನಿಂತಿತು. ಜೀನಿರಲಿಲ್ಲ, ಪಕ್ಕೆಲುಬು ಕಾಣುತ್ತಿದ್ದವು. ಅವರು ನೀಲಿ ಬೆಟ್ಟ ಮುಟ್ಟಿದರೋ, ಮರಳಲ್ಲಿ ಮಲಗಿದರೋ ನಮಗೆ ಗೊತ್ತಾಗಲಿಲ್ಲ. ಕುದುರೆಗೆ ನೀರು ಕೊಟ್ಟೆವು. ಜೋಳ ಕೊಡಲಿಲ್ಲ.

ಬೀಜವಿತ್ತು, ನಮ್ಮ ಮನೆಯಲ್ಲಿ ಬಿತ್ತುವವನಿರಲಿಲ್ಲ. ಅಕ್ಕ ಕೆಳಗಿನ ಬಯಲಿಗೆ ಹೋಗಿ ಕಾಡುಹುಲ್ಲಿನ ಕಾಳು ಆರಿಸಿಕೊಂಡು ಬಂದಳು. ಒಂದು ಬೆಳಗ್ಗೆ ಅದನ್ನು ಮೊರದಲ್ಲಿ ಇಟ್ಟುಕೊಂಡು ಏಣಿ ಇಳಿದಳು. ನಮ್ಮಲ್ಲಿ ಮದುವೆಯಾಗುವ ಹುಡುಗಿ ಹೀಗೆ ಹುಡುಗನ ತಾಯಿಯ ಮನೆಗೆ ಹೋಗಿ ಅರೆಯುತ್ತಾಳೆ. ಹೊಸ ಹುಡುಗಿಯಾದರೆ ಕೂದಲು ಸಿಂಗರಿಸಿರುತ್ತಾರೆ. ಅಕ್ಕ ತಲೆಗೆ ಬಟ್ಟೆಯನ್ನೂ ಹಾಕಿರಲಿಲ್ಲ. ಬಿಸಿಲಲ್ಲಿ, ಊರೆಲ್ಲ ನೋಡುತ್ತಿರುವಾಗ, ಆ ಕುಯ್ದ ತಲೆಯಲ್ಲಿ ಅಂಗಳ ದಾಟಿದಳು. ಮೊರ ಹಿಡಿಯಲು ನಾನು ಜೊತೆಗೆ ಹೋದೆ.

ಅತ್ತೆ ಮಾಳಿಗೆಯ ಮೇಲಿಂದ ನೋಡಿದಳು. "ಏನೇ? ಬುಟ್ಟೋಳು ಯಾಕ್ ಬಂದೆ?"

"ಅರೆಯಕ್ಕೆ ಬಂದೆ ಅತ್ತೆ."

"ಯಾರ್ ಕರುದ್ರು ನಿನ್ನ?"

"ಯಾರೂ ಕರೀಲಿಲ್ಲ. ಅದಕ್ಕೇ ಬಂದೆ."

ಅತ್ತೆ ಏಣಿ ಬಿಟ್ಟು ಪಕ್ಕಕ್ಕೆ ಸರಿದಳು.

ಅಕ್ಕ ಮಾಯದ ಮೊಣಕಾಲನ್ನು ಮತ್ತೆ ನೆಲಕ್ಕೆ ಊರಿದಳು. ಗುಂಡು ಹಿಡಿದು ತಳ್ಳಿದಳು. ಹುಲ್ಲಿನ ಕಾಳು, ಸಣ್ಣದು, ಕಲ್ಲಲ್ಲಿ ಜಾರುತ್ತದೆ. ಸ್ವಲ್ಪ ಹೊತ್ತು ಬರೀ ಕಲ್ಲಿನ ಸದ್ದು. ಆಮೇಲೆ ಮಾಳಿಗೆಯ ಬಾಯಲ್ಲಿ ಯಾರೋ ಬಂದು ಕೂತರು. ಕಾಲು ಮಾತ್ರ ಕಾಣುತ್ತಿತ್ತು. ಕೆಮ್ಮಿ, ಸಣ್ಣ ದನಿಯಲ್ಲಿ ಹಾಡು ಶುರುಮಾಡಿದ. ಭಾವನ ದನಿ. ಪಾದ್ರಿ ಬೇಡವೆಂದ ಅದೇ ಹಾಡು. ಅಕ್ಕನ ಕೈ ಏರಿಗೆ ಹೋಯಿತು, ಇಳಿತಕ್ಕೆ ಬಂತು. ಪಕ್ಕದ ಮನೆಯಲ್ಲಿ ಯಾರೋ ಕೇಳಿಸಿಕೊಂಡರು. ಅಲ್ಲೂ ಒಂದು ಕಲ್ಲು ಅದೇ ಏರಿಗೆ ಸೇರಿತು.

ಅರೆದದ್ದು ಮುಗಿದ ಮೇಲೆ ಬೆಳಗಿನ ಜಾವ ಇಬ್ಬರ ತಲೆಯನ್ನೂ ಒಂದೇ ಬೋಗುಣಿಯಲ್ಲಿ ತೊಳೆಯಬೇಕು. ನೊರೆಬೇರು ಜಜ್ಜಿ ನೀರು ಕದಡಿದ್ದರು. ಇಬ್ಬರೂ ಬಗ್ಗಿದರು. ತೊಳೆದು, ಇಬ್ಬರ ಕೂದಲನ್ನೂ ಒಟ್ಟಿಗೆ ಸೇರಿಸಿ ಒಂದು ಗಂಟು ಹಾಕುವುದು ಹುಡುಗನ ತಾಯಿಯ ಕೆಲಸ. ಆ ಗಂಟು ಬಿದ್ದರೆ ಮದುವೆ. ಅವನದು ಬೆನ್ನುದ್ದ. ಇವಳದು ಬೆರಳಿನಷ್ಟು. ಅತ್ತೆ ಸುತ್ತಿದಳು, ಜಾರಿತು. ಮತ್ತೆ ಸುತ್ತಿದಳು. ಜಾರಿತು.

"ಕುಯ್ದೋನ ಕೈ ಸೇದೋಗ," ಅಂದಳು. ಮತ್ತೆ ಸುತ್ತಿದಳು. ನಿಲ್ಲಲಿಲ್ಲ.

"ಬುಡಿ ಅತ್ತೆ," ಅಂದಳು ಅಕ್ಕ ಬಗ್ಗಿದಲ್ಲಿಂದಲೇ. "ಬೆಳೀತದೆ."

"ಬೆಳೀಲಿ. ಅಲ್ಲೀಗಂಟ ನಾನ್ ಬುಡಾಕಿಲ್ಲ."

ಇಬ್ಬರ ಕೂದಲನ್ನೂ ಒಂದೇ ಮುಷ್ಟಿಯಲ್ಲಿ ಹಿಡಿದುಕೊಂಡಳು, ಬೆರಳ ಗಂಟು ಬೆಳ್ಳಗಾಗುವ ಹಾಗೆ. ನೊರೆ ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಭಾವನ ಬಿತ್ತನೆ ಕೋಲು ಏಣಿಯ ಬುಡದಲ್ಲಿ ಒರಗಿಕೊಂಡು, ನಮ್ಮ ಮನೆಗೆ ಹೊರಡಲು ಕಾಯುತ್ತಿತ್ತು. ಸೂರ್ಯ ಮಾಳಿಗೆಯ ಬಾಯಿಂದ ಒಳಗೆ ಇಳಿಯುವವರೆಗೂ ಅವಳು ಹಿಡಿದೇ ಇದ್ದಳು.